ಹೆಸರು ಗೊತ್ತಿಲ್ಲದೆ ಕೇಳಿದರೆ ‘ಅಲಬಾಮಾ’ ಏನು ಹೇಳುತ್ತದೆ?

ಪುತ್ತೂರು ಸ್ಯಾಕ್ಸ್ (ಪ್ರಶ್ನೆ):
ನಾನು ಇಪ್ಪತ್ತೆರಡು ವರ್ಷದಿಂದ ಸ್ಯಾಕ್ಸೋಫೋನ್ ಊದುತ್ತಿದ್ದೇನೆ. ಮದುವೆ, ಜಾತ್ರೆ, ದೇವಸ್ಥಾನದ ಉತ್ಸವ, ಪಕ್ಕದಲ್ಲಿ ಡೋಲು. ಕದ್ರಿ ಗೋಪಾಲನಾಥರನ್ನು ಕೇಳಿಯೇ ಈ ವಾದ್ಯ ಹಿಡಿದವನು. ಜಾಝ್ ಅಷ್ಟಾಗಿ ಗೊತ್ತಿಲ್ಲ.

ಕಳೆದ ವಾರ ಅಕ್ಕನ ಮಗ ಊಟದ ಹೊತ್ತಿಗೆ ಫೋನಿನಲ್ಲಿ ಒಂದು ಟ್ರ್ಯಾಕ್ ಹಾಕಿದ. ಹೆಸರು ಹೇಳಲಿಲ್ಲ. “ಮಾಮಾ, ಸುಮ್ನೆ ಕೇಳಿ” ಅಂದ. ಐದು ನಿಮಿಷದ್ದು. ಕೆಳಗೆ ಪಿಯಾನೋ ಒಂದೇ ಕಡೆ ನಡುಗುತ್ತಾ ಇರುತ್ತದೆ, ನಾವು ಶ್ರುತಿ ಇಟ್ಟುಕೊಂಡ ಹಾಗೆ. ಅದರ ಮೇಲೆ ಟೆನರ್ ಸ್ಯಾಕ್ಸ್, ತಾಳವಿಲ್ಲದೆ, ನಿಧಾನವಾಗಿ. “ಒಳ್ಳೆ ಆಲಾಪನೆ, ಉಸಿರು ಗಟ್ಟಿ ಇದೆ” ಅಂದೆ. ಆಮೇಲೆ ಅವನು ಹೇಳಿದ: ಇದು ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ ‘ಅಲಬಾಮಾ’, ಚರ್ಚಿನಲ್ಲಿ ಬಾಂಬಿಗೆ ಸತ್ತ ನಾಲ್ಕು ಹುಡುಗಿಯರ ನೆನಪಿಗೆ. ಮತ್ತೆ ಹಾಕಿಸಿಕೊಂಡು ಕೇಳಿದೆ. ಅನ್ನ ತಟ್ಟೆಯಲ್ಲೇ ಉಳಿಯಿತು.

ಅವತ್ತಿನಿಂದ ಒಂದೇ ಯೋಚನೆ. ಸ್ವರ ಎರಡು ಸಲವೂ ಅದೇ. ಹಾಗಾದರೆ ನನ್ನನ್ನು ಅಲ್ಲಾಡಿಸಿದ್ದು ಸಂಗೀತವೋ, ಅವನು ಹೇಳಿದ ಕತೆಯೋ? ಸಾಹಿತ್ಯವೇ ಇಲ್ಲದ ನುಡಿಸಾಣಿಕೆ ಇಂಥ ಅನ್ಯಾಯದ ಬಗ್ಗೆ ನಿಜವಾಗಿ ಏನಾದರೂ ಹೇಳುತ್ತದಾ?

ಮೈಸೂರಿನ ಕೇಳುಗ:
ಮೊದಲು ಘಟನೆ ಪೂರ್ತಿ ಗೊತ್ತಿರಲಿ ಸರ್. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರಿನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್. ಕರಿಯರ ಹಕ್ಕಿನ ಹೋರಾಟದವರು ಸೇರುತ್ತಿದ್ದ ಜಾಗ ಅದು. ಬಿಳಿಯರೇ ಮೇಲು ಅನ್ನುವ ಹಿಂಸಾಗುಂಪು ಕು ಕ್ಲಕ್ಸ್ ಕ್ಲಾನ್‌ನವರು ಮೆಟ್ಟಿಲ ಕೆಳಗೆ ಡೈನಮೈಟ್ ಇಟ್ಟಿದ್ದರು. ಆಡೀ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೋಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಡೆನೀಸ್ ಮೆಕ್‌ನೇರ್‌ಗೆ 11.

ಕೋಲ್ಟ್ರೇನ್ ಇದನ್ನು ರೆಕಾರ್ಡ್ ಮಾಡಿದ್ದು ನವೆಂಬರ್ 18ಕ್ಕೆ. ಎರಡು ತಿಂಗಳು ದಾಟಿ ಮೂರೇ ದಿನ. (ಆಲ್ಬಮ್ಮಿನ ಹೆಸರು ‘ಲೈವ್ ಅಟ್ ಬರ್ಡ್‌ಲ್ಯಾಂಡ್’, ಆದರೆ ಈ ಟ್ರ್ಯಾಕ್ ಸ್ಟುಡಿಯೋದಲ್ಲಿ ಆದದ್ದು.) ಆಗ ಆ ಕೊಲೆಗಳಿಗೆ ಒಬ್ಬನಿಗೂ ಶಿಕ್ಷೆ ಆಗಿರಲಿಲ್ಲ. ಮೊದಲನೆಯವನಿಗೆ ಆದದ್ದು 1977ರಲ್ಲಿ, ಇನ್ನಿಬ್ಬರಿಗೆ 2001 ಮತ್ತು 2002ರಲ್ಲಿ. ಅನುಮಾನವಿದ್ದ ನಾಲ್ಕನೆಯವನು ಕೋರ್ಟ್ ಮೆಟ್ಟಿಲು ಹತ್ತದೆಯೇ ಸತ್ತ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕತೆ ಬೇಕೇ ಬೇಕು. ‘ಅಲಬಾಮಾ’ ಅಂತ ಹೆಸರನ್ನು ಕೋಲ್ಟ್ರೇನ್ ಅವರೇ ಇಟ್ಟಿದ್ದಾರಲ್ವಾ? ಆಗಿನ ಅಮೆರಿಕದಲ್ಲಿ ಆ ಒಂದು ಪದ ಸಾಕಿತ್ತು.

ಧಾರವಾಡದಿಂದ:
ಅಣ್ಣಾ, ಮಾರ್ಟಿನ್ ಲೂಥರ್ ಕಿಂಗ್ ಆ ಹುಡುಗಿಯರಲ್ಲಿ ಮೂವರ ಅಂತ್ಯಕ್ರಿಯೆಯಲ್ಲಿ ಮಾಡಿದ ಭಾಷಣದ ಏರಿಳಿತವನ್ನೇ ಕೋಲ್ಟ್ರೇನ್ ಇಲ್ಲಿ ನುಡಿಸಿದ್ದಾರೆ ಅಂತ ಬಹಳ ಜನ ಹೇಳುತ್ತಾರೆ. ಕೇಳಲು ಚೆಂದ, ಆದರೆ ಅದನ್ನು ಗಟ್ಟಿ ಆಧಾರ ಅಂತ ಹಿಡಿಯಬೇಡಿ. ಟ್ರ್ಯಾಕಿನ ಒಳಗೇ ಹುಡುಕಿ.

ನಡುವೆ ಒಂದು ಜಾಗ ಇದೆ. ಅಲ್ಲಿವರೆಗೆ ತಾಳ ಇರುವುದಿಲ್ಲ. ಆಮೇಲೆ ಜಿಮ್ಮಿ ಗ್ಯಾರಿಸನ್‌ರ ಬೇಸ್, ಎಲ್ವಿನ್ ಜೋನ್ಸ್‌ರ ಡ್ರಮ್ಸ್ ಒಂದು ನಡೆಗೆ ಬರುತ್ತವೆ, ಸ್ಯಾಕ್ಸ್ ಅದರ ಮೇಲೆ ಮನೋಧರ್ಮದಲ್ಲಿ, ಅಂದರೆ ಆ ಕ್ಷಣಕ್ಕೆ ಹೊಳೆದಂತೆ, ಸಾಗುತ್ತದೆ. ಇನ್ನು ಚೆನ್ನಾಗಿ ಬೆಳೆಸುತ್ತಾರೆ ಅಂದುಕೊಳ್ಳುವಷ್ಟರಲ್ಲಿ ನಿಂತುಬಿಡುತ್ತದೆ. ಮತ್ತೆ ಅದೇ ಮೊದಲಿನ ಆಲಾಪ. ಆಲಾಪ ಆದ ಮೇಲೆ ತಾಳಕ್ಕೆ ಕಟ್ಟಿದ ಗತ್ ಹಿಡಿದರೆ ನಾವು ಅದನ್ನು ದ್ರುತದವರೆಗೆ, ಅಂದರೆ ವೇಗದ ಲಯದವರೆಗೆ, ಒಯ್ದು ಮುಗಿಸುತ್ತೇವೆ. ಇವರು ಒಯ್ಯಲಿಲ್ಲ. ಬೆಳೆಯಬೇಕಾದದ್ದು ಬೆಳೆಯಲಿಲ್ಲ. ಇದನ್ನು ತಿಳಿಯಲು ಹೆಸರು ಬೇಡ, ಕಿವಿ ಸಾಕು. ಯಾಕೆ ಬೆಳೆಯಲಿಲ್ಲ ಅನ್ನುವುದಕ್ಕೆ ಮಾತ್ರ ಹೆಸರು ಬೇಕು.

ಅದೇ ಡಿಸೆಂಬರ್‌ನಲ್ಲಿ ಟಿವಿಯಲ್ಲೂ ನುಡಿಸಿದ್ದಾರೆ. ವಿಡಿಯೋ ಸಿಗುತ್ತದೆ, ನೋಡಿ.

ಪುತ್ತೂರು ಸ್ಯಾಕ್ಸ್:
ಇಬ್ಬರಿಗೂ ನಮಸ್ಕಾರ. ನಿಮ್ಮ ಮಾತು ಓದಿ ನಿನ್ನೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಊದಲು ಕೂತೆ. ನನ್ನದು ಆಲ್ಟೋ ಸ್ಯಾಕ್ಸ್, ಅವರದ್ದು ಅದಕ್ಕಿಂತ ದಪ್ಪ ದನಿಯ ಟೆನರ್. ಆ ಭಾರ ಬರಲಿಕ್ಕಿಲ್ಲ ಅಂತ ಗೊತ್ತಿತ್ತು. ಕಷ್ಟ ಆದದ್ದು ಬೇರೆ ಕಡೆ.

ನನ್ನ ಬೆರಳಿಗೆ ಗಮಕ ಅಭ್ಯಾಸ ಆಗಿದೆ. ಒಂದು ಸ್ವರ ಸಿಕ್ಕಿದರೆ ಸಾಕು, ತುಟಿ ತಾನಾಗಿ ಅಲುಗಿಸುತ್ತದೆ. ಅವರು ಆ ಉದ್ದದ ಸ್ವರಗಳನ್ನು ಹೆಚ್ಚು ಕಮ್ಮಿ ನೇರವಾಗಿ ಹಿಡಿದಿದ್ದಾರೆ ಮಾರಾಯ್ರೇ. ಯಾವ ಅಲಂಕಾರವೂ ಇಲ್ಲ. ಗಮಕ ಬಿಟ್ಟು ಹಿಡಿದು ನೋಡಿದೆ. ಸ್ವರಕ್ಕೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ ಆಯಿತು. ನಾಲ್ಕನೇ ಸಲಕ್ಕೆ ರೀಡಿನಿಂದ ಬಾಯಿ ತೆಗೆದು ಸುಮ್ಮನೆ ಕೂತೆ.

ಅಷ್ಟು ವೇಗವಾಗಿ ನುಡಿಸಬಲ್ಲ ಮನುಷ್ಯ, ಅಕ್ಕನ ಮಗ ಬೇರೆ ಟ್ರ್ಯಾಕ್‌ಗಳನ್ನೂ ಕೇಳಿಸಿದ, ಬೇಕೆಂದೇ ಆ ಕೈಚಳಕವನ್ನೆಲ್ಲ ಪಕ್ಕಕ್ಕೆ ಇಟ್ಟಿದ್ದಾರೆ. ನಾನು ಮೊದಲ ಸಲ “ಉಸಿರು ಗಟ್ಟಿ” ಅಂದದ್ದು ಇದನ್ನೇ. ಕಿವಿಗೆ ಬಿದ್ದಿತ್ತು. ಅದು ಯಾರಿಗಾಗಿ ಅಂತ ಮಾತ್ರ ಗೊತ್ತಿರಲಿಲ್ಲ.

ಸ್ವರ ಬರೆದುಕೊಳ್ಳುವ ನೋಟ್‌ಬುಕ್ಕಿನಲ್ಲಿ ಆ ನಾಲ್ಕು ಹೆಸರನ್ನು ಮೊದಲ ಸಾಲಿಗೆ ಬರೆದಿದ್ದೇನೆ. ಮೊದಲಿನ ಆಲಾಪನೆ ಒಂದಿಷ್ಟು ಕೂತಿದೆ. ಧಾರವಾಡದವರು ಹೇಳಿದ, ನಡೆ ನಿಲ್ಲುವ ಜಾಗ ಒಬ್ಬನಿಂದ ಆಗುವುದಿಲ್ಲ. ಡೋಲಿನವರನ್ನು ಭಾನುವಾರ ಮನೆಗೆ ಬರಲು ಹೇಳಿದ್ದೇನೆ.