ಈಗಷ್ಟೇ ಹಾರಿದ ನೌಕೆ ಬರಿಗಣ್ಣಿಗೆ ಕಾಣುತ್ತಾ?

ಹೊಸಕಣ್ಣು:
ನಿನ್ನೆ ನಾಲ್ಕು ಜನರನ್ನು ಹೊತ್ತು ಸ್ಪೇಸ್‌ಎಕ್ಸ್‌ನ ಕ್ರೂ ಡ್ರ್ಯಾಗನ್ ನೌಕೆ ಹಾರಿದ್ದನ್ನು ಲೈವ್ ನೋಡಿದೆ. ಇವತ್ತು ತಡರಾತ್ರಿ ಬಾಹ್ಯಾಕಾಶ ನಿಲ್ದಾಣ ಸೇರುತ್ತದಂತೆ. ನಿಲ್ದಾಣವನ್ನು ಎಷ್ಟೋ ಸಲ ನೋಡಿದ್ದೇನೆ, ಆದರೆ ಅಲ್ಲಿಗೆ ಹೊರಟವರ ನೌಕೆಯನ್ನು ದಾರಿಯಲ್ಲೇ ನೋಡಬೇಕು ಅಂತ ತುಂಬಾ ದಿನದ ಆಸೆ. ಸಂಜೆ 7:12ಕ್ಕೆ ನಿಲ್ದಾಣ ತಲೆಯ ಮೇಲೇ ಹಾದುಹೋಗುತ್ತದೆ ಅಂತ ಆ್ಯಪ್ ತೋರಿಸುತ್ತಿದೆ, ನೌಕೆಯ ಹೆಸರು ಮಾತ್ರ ಪಟ್ಟಿಯಲ್ಲಿ ಇಲ್ಲ. ಯಾವಾಗ, ಯಾವ ಕಡೆ ನೋಡಲಿ?

ರಾತ್ರಿಪಾಳಿ:
ಖಂಡಿತ ಕಾಣಬಹುದು. ನಿಲ್ದಾಣ ಸೇರಬೇಕಾದರೆ ನೌಕೆಯೂ ಅದರ ಹಾಗೆಯೇ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿ ಸುತ್ತಬೇಕು, ಹಾಗಾಗಿ ದಾರಿ ಹೆಚ್ಚುಕಡಿಮೆ ಅದೇ. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ನೌಕೆ ಅದಕ್ಕಿಂತ ಕೆಳಗಿರುತ್ತದೆ, ಕೆಳಗಿದ್ದಷ್ಟೂ ಒಂದು ಸುತ್ತು ಬೇಗ ಮುಗಿಯುತ್ತದೆ, ಹೀಗೆ ಹಿಂದಿನಿಂದ ಬಂದು ಸುತ್ತು ಸುತ್ತಿಗೂ ಅಂತರ ಕಡಿಮೆ ಮಾಡಿಕೊಳ್ಳುತ್ತದೆ. ಸೇರಲು ಕೆಲವೇ ಗಂಟೆ ಉಳಿದಿರುವುದರಿಂದ ನಿಮ್ಮ ಸಂಜೆ ತುಂಬಾ ಒಳ್ಳೆಯದು. ನಿಲ್ದಾಣ ಹೋಯಿತು ಅಂತ ಒಳಗೆ ಹೋಗಬೇಡಿ, ಇನ್ನೂ ಹತ್ತು ನಿಮಿಷ ಅಲ್ಲೇ ನಿಲ್ಲಿ.

ಇನ್ನೊಂದು ವಿಷಯ. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ಪೂರ್ವಕ್ಕೆ ತಿರುಗುತ್ತದೆ ಅಲ್ವಾ, ಅಷ್ಟು ತಡವಾಗಿ ಬಂದರೆ ನೌಕೆಯ ದಾರಿ ಸ್ವಲ್ಪ ಪಶ್ಚಿಮಕ್ಕೆ ಸರಿದಿರುತ್ತದೆ. ನಿಲ್ದಾಣ ಹೋದ ಗೆರೆಯನ್ನೇ ದಿಟ್ಟಿಸಬೇಡಿ.

ದುರ್ಬೀನು:
ಪಟ್ಟಿಯಲ್ಲಿ ಇಲ್ಲದಿರುವುದು ಮಾಮೂಲು. ಹೊಸ ನೌಕೆಯ ಕಕ್ಷೆಯ ಅಂಕಿಗಳು ಸಿಗಲು ಕೆಲವು ಗಂಟೆ ಬೇಕು. ಹೆವನ್ಸ್ ಅಬವ್ ಜಾಲತಾಣವನ್ನು ಸಂಜೆ ಇನ್ನೊಮ್ಮೆ ನೋಡಿ. ಸಿಕ್ಕರೂ ಆ ಸಮಯವನ್ನು ಪೂರ್ತಿ ನಂಬಬೇಡಿ, ನೌಕೆ ದಾರಿಯಲ್ಲಿ ಎಂಜಿನ್ ಉರಿಸುತ್ತಾ ಕಕ್ಷೆ ಬದಲಿಸುತ್ತಿರುತ್ತದೆ.

ನಿಲ್ದಾಣದಷ್ಟು ಬೆಳಕು ನಿರೀಕ್ಷಿಸಬೇಡಿ. ಅದು 109 ಮೀಟರ್ ಅಗಲ, ಡ್ರ್ಯಾಗನ್ ಉದ್ದ 8 ಮೀಟರ್ ಚಿಲ್ಲರೆ. ಸಾಧಾರಣ ನಕ್ಷತ್ರದ ಹಾಗೆ ಇರುತ್ತದೆ, ಮಿನುಗುವ ದೀಪ ಕಂಡರೆ ಅದು ವಿಮಾನ. 7×50 ದುರ್ಬೀನು ಇದ್ದರೆ ಕೈಯಲ್ಲೇ ಇಟ್ಟುಕೊಳ್ಳಿ.

ಮುಂಜಾವು:
ಡ್ರ್ಯಾಗನ್ ಆಗಿದ್ದು ಒಳ್ಳೆಯದೇ ಆಯಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಡ್ರ್ಯಾಗನ್‌ನಲ್ಲೇ ಹೋದಾಗ ಸುಮಾರು 28 ಗಂಟೆ ಹಿಡಿಯಿತು. ರಷ್ಯಾದ ಸೋಯುಜ್ ನೌಕೆ ಈಗ ಎರಡೇ ಸುತ್ತಿನಲ್ಲಿ, 3 ಗಂಟೆ ಚಿಲ್ಲರೆಯಲ್ಲಿ ಸೇರಿಬಿಡುವುದುಂಟು, ಆಗ ನಮ್ಮ ಪಾಲಿಗೆ ಕತ್ತಲೆ ಸಿಗುವುದೇ ಕಷ್ಟ. ನಾವು ಕತ್ತಲಲ್ಲಿರಬೇಕು, ನೌಕೆ ಬಿಸಿಲಲ್ಲಿರಬೇಕು, ಎರಡೂ ಕೂಡಿಬರುವುದು ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮೊದಲು ಸ್ವಲ್ಪ ಹೊತ್ತು ಮಾತ್ರ.

ನಾನು ಒಂದೇ ಸಲ ನೋಡಿದ್ದು. ದೊಡ್ಡ ಚುಕ್ಕೆಯ ಹಿಂದೆ ಸಣ್ಣ ಚುಕ್ಕೆ, ಒಂದಿಷ್ಟೂ ಸದ್ದಿಲ್ಲ. ಅದರೊಳಗೆ ಜನ ಕೂತಿದ್ದಾರೆ ಅನ್ನುವುದು ನೆನಪಾದಾಗ ಮೈ ಜುಮ್ಮೆಂದಿತು.

ಹೊಸಕಣ್ಣು:
ಸಿಕ್ಕಿತು! ನಿಲ್ದಾಣ ಹೋಗಿ ಮೂರೂವರೆ ನಿಮಿಷಕ್ಕೆ ಬಂತು, ನೀವು ಹೇಳಿದ ಹಾಗೆ ಪಶ್ಚಿಮಕ್ಕೆ ಒಂದು ಗೇಣು ಸರಿದು. ಮೊದಲು ಮಂಕಾಗಿತ್ತು, ನೆತ್ತಿ ದಾಟಿದ ಮೇಲೆ ಚೆನ್ನಾಗಿ ಬೆಳಗಿತು. ಪೂರ್ವದ ಕಡೆ ಇಳಿಯುತ್ತಾ ನೆರಳಿಗೆ ಹೋಗಿ ನಿಧಾನಕ್ಕೆ ಆರಿತು. ಅಮ್ಮನನ್ನೂ ಕರೆದು ತೋರಿಸಿದೆ, ಅವರು ಅದು ಆರುವ ತನಕ ಕೈ ಬೀಸುತ್ತಲೇ ಇದ್ದರು. ಈಗ ಇಬ್ಬರೂ ಡಾಕಿಂಗ್ (ನೌಕೆ ನಿಲ್ದಾಣಕ್ಕೆ ಜೋಡಿಕೊಳ್ಳುವುದು) ಲೈವ್‌ಗೆ ಕಾಯುತ್ತಿದ್ದೇವೆ.