ಪದಚರ್ಚೆ: ‘ಪ್ಯಾಕೆಟ್ ಬಿಡು’ ಅಂದರೆ ಒಳಗೆ ಬಿಡುವುದೋ, ಕೈಬಿಡುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ನೆಟ್‌ವರ್ಕ್ ಸುರಕ್ಷತೆಯ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ನಾಲ್ಕೈದು ಪದಗಳು ಕಾಲಿಗೆ ತೊಡರಿಕೊಂಡಿವೆ. ಒಬ್ಬನೇ ಕೂತು ಯೋಚಿಸಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಾಠಕ್ಕೆ ತೆಗೆದುಕೊಂಡ ಪ್ರಸಂಗ 2001ರ ನವೆಂಬರ್‌ನದು. ರೂಟರ್ ಅಂದರೆ ನೆಟ್‌ವರ್ಕಿನಲ್ಲಿ ಬಂದ ಮಾಹಿತಿಯನ್ನು ಸರಿಯಾದ ದಾರಿಗೆ ಕಳಿಸುವ ಯಂತ್ರ. ಮಾಹಿತಿ ಸಾಗುವುದು ‘ಪ್ಯಾಕೆಟ್’ ಅನ್ನುವ ಚಿಕ್ಕ ಕಟ್ಟುಗಳಲ್ಲಿ. ಸಿಸ್ಕೊ ಕಂಪನಿಯ 12000 ಸರಣಿಯ ರೂಟರ್‌ಗಳು ಇಂಟರ್ನೆಟ್ ಸೇವೆ ಕೊಡುವ ದೊಡ್ಡ ಕಂಪನಿಗಳಿಗೆಂದೇ ಮಾಡಿದವು. ಅವುಗಳಲ್ಲಿ ‘ಎಂಜಿನ್ 2’ ಬಗೆಯ ಲೈನ್ ಕಾರ್ಡ್ (ತಂತಿಗಳನ್ನು ಜೋಡಿಸುವ ಬಿಡಿ ಹಲಗೆ) ಇದ್ದು, ಐಒಎಸ್ 12.0 ತಂತ್ರಾಂಶ ಓಡುತ್ತಿದ್ದರೆ, ಬಂದ ಪ್ಯಾಕೆಟ್‌ಗಳಲ್ಲಿ ಯಾವುದು ಹೋಗಬೇಕು, ಯಾವುದು ಹೋಗಬಾರದು ಅಂತ ತೀರ್ಮಾನಿಸುವ ಕಡೆ ಹಲವು ತಪ್ಪುಗಳಿದ್ದವು. (ಈ ಐಒಎಸ್ ಐಫೋನಿನದಲ್ಲ, ರೂಟರಿನದು.) ತಡೆಯಲೇಬೇಕಾದ ಪ್ಯಾಕೆಟ್ ನುಸುಳಿ ಹೋಗಿಬಿಡಬಹುದಿತ್ತು. ಕಂಪನಿಯೇ ಇದನ್ನು ಪ್ರಕಟಿಸಿ, ತಿದ್ದಿದ ತಂತ್ರಾಂಶ ಕೊಟ್ಟಿತು. ಈ ಪ್ರಸಂಗವನ್ನೇ ಏಕೆ ತೆಗೆದುಕೊಂಡೆ ಅಂದರೆ, ತಪ್ಪುಗಳು ಚಿಕ್ಕ ಚಿಕ್ಕವು. ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದು.

ರೂಟರಿಗೆ ಒಂದು ಪಟ್ಟಿ ಕೊಟ್ಟಿರುತ್ತಾರೆ. ಎಸಿಎಲ್ (ಆಕ್ಸೆಸ್ ಕಂಟ್ರೋಲ್ ಲಿಸ್ಟ್) ಅಂತ ಎಲ್ಲರೂ ಕರೆಯುವುದು ಅದನ್ನೇ. ಪ್ರತಿ ಸಾಲೂ ಒಂದು ಅಪ್ಪಣೆ: ಇಂಥ ವಿಳಾಸದಿಂದ ಇಂಥ ಪೋರ್ಟಿಗೆ ಬಂದದ್ದು ಹೋಗಲಿ, ಇಂಥದ್ದು ಬೇಡ. (ಪೋರ್ಟ್ ಅಂದರೆ ಕಂಪ್ಯೂಟರಿನ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲು.) ಪ್ಯಾಕೆಟ್ ಬಂದಾಗ ರೂಟರ್ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲು ಹೊಂದುವ ಸಾಲು ಸಿಕ್ಕಿತೋ, ಅಲ್ಲಿಗೆ ತೀರ್ಪು ಮುಗಿಯಿತು. ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ.

ಇಷ್ಟನ್ನು ಬರೆದು, ಕರಡು ಹಾಳೆಯನ್ನು ಒಂದು ಕಾಲೇಜಿನ ಲ್ಯಾಬಿಗೆ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿ ಒಂದು ಅಭ್ಯಾಸ ಹೀಗಿತ್ತು: ‘23ನೇ ಪೋರ್ಟಿಗೆ ಬರುವ ಪ್ಯಾಕೆಟ್‌ಗಳನ್ನು ಬಿಟ್ಟುಬಿಡಿ.’ 23 ಅಂದರೆ ಟೆಲ್ನೆಟ್. ಪಾಸ್‌ವರ್ಡನ್ನೂ ಮುಚ್ಚುಮರೆಯಿಲ್ಲದೆ ಸಾಗಿಸುವ ಹಳೆಯ ಪದ್ಧತಿ. ಅದು ಬರಲೇಕೂಡದು ಅನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಇಂಗ್ಲಿಷಿನ ‘ಡ್ರಾಪ್’ಗೆ ನಾನು ‘ಬಿಟ್ಟುಬಿಡಿ’ ಅಂತ ಹಾಕಿದ್ದೆ. ಮುಂದಿನ ಸಾಲಿನಲ್ಲಿ ಕೂತ ಹುಡುಗಿ ‘ಪರ್ಮಿಟ್’ ಅಂತ ಟೈಪ್ ಮಾಡಿದಳು. ಪಕ್ಕದ ಹುಡುಗ ‘ಡಿನೈ’ ಅಂತ ಟೈಪ್ ಮಾಡಿದ. ಒಂದೇ ವಾಕ್ಯ, ಎರಡು ಕಂಪ್ಯೂಟರ್, ಒಂದರಲ್ಲಿ ಬಾಗಿಲು ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ. ನಾನು ತಿದ್ದಲು ಹೋದರೆ ಹುಡುಗಿ ಕೇಳಿದಳು, ‘ಸರ್, ಬಿಟ್ಟುಬಿಡಿ ಅಂತ ನೀವೇ ಬರೆದಿದ್ದೀರಲ್ಲ?’

ಅವಳು ಓದಿದ್ದು ಸರಿ. ತಪ್ಪು ನನ್ನದು.

‘ಬಿಡು’ ಎಷ್ಟು ಕಡೆ ತಿರುಗುತ್ತದೆ ನೋಡಿ. ಕಾಲುವೆಗೆ ನೀರು ಬಿಟ್ಟರು ಅಂದರೆ ನೀರು ಹರಿಯಿತು. ಪೊಲೀಸರು ಅವನನ್ನು ಬಿಟ್ಟರು ಅಂದರೆ ಅವನು ಮನೆಗೆ ಹೋದ. ಕಾಫಿ ಬಿಟ್ಟೆ ಅಂದರೆ ಕಾಫಿ ಇನ್ನು ಮುಟ್ಟುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ ಅಂದರೆ ಹೆಸರೇ ಇಲ್ಲ. ಮಾತಿನಲ್ಲಿ ಇದು ಯಾರಿಗೂ ತೊಡಕಾಗುವುದಿಲ್ಲ, ಸಂದರ್ಭ ಹೇಳಿಕೊಡುತ್ತದೆ. ಆದರೆ ಸೋಸುವ ಪಟ್ಟಿಯಲ್ಲಿ ಸಂದರ್ಭ ಅನ್ನುವುದೇ ಇರುವುದಿಲ್ಲ. ಇರುವುದು ಹೌದು, ಇಲ್ಲ ಎರಡೇ. ಹೌದು ಮತ್ತು ಇಲ್ಲ ಎರಡಕ್ಕೂ ಒದಗುವ ಪದವನ್ನು ಅಲ್ಲಿ ಇಡುವ ಹಾಗೇ ಇಲ್ಲ. ಸುರಕ್ಷತೆಯ ವಿಷಯದಲ್ಲಂತೂ ಪದದ ಗೊಂದಲವೇ ಒಂದು ಕಿಂಡಿ ಆಗಿಬಿಡುತ್ತದೆ.

ಈಗ ಹೀಗೆ ಮಾಡಿದ್ದೇನೆ. ‘ಪರ್ಮಿಟ್’ಗೆ ‘ಹೋಗಲು ಬಿಡು’. ಬರೀ ‘ಬಿಡು’ ಎಲ್ಲಿಯೂ ಇಲ್ಲ. ‘ಡ್ರಾಪ್’ಗೆ ‘ಎಸೆ’. ‘ತಡೆ’ ಅಂತ ಮೊದಲು ಬರೆದೆ, ಆಗ ಒಬ್ಬ ಹುಡುಗ ‘ತಡೆದದ್ದನ್ನು ಎಲ್ಲಿ ಇಟ್ಟುಕೊಳ್ಳುತ್ತೆ ಸರ್?’ ಅಂತ ಕೇಳಿದ. ಎಲ್ಲಿಯೂ ಇಟ್ಟುಕೊಳ್ಳುವುದಿಲ್ಲ, ಅಲ್ಲೇ ಇಲ್ಲವಾಗುತ್ತದೆ. ಲಿನಕ್ಸ್‌ನ ಐಪಿಟೇಬಲ್ಸ್ ಅನ್ನುವ, ಪ್ಯಾಕೆಟ್ ಸೋಸುವ ತಂತ್ರಾಂಶದಲ್ಲಿ ಇದಕ್ಕೆ ಎರಡು ಬಗೆ ಇವೆ. ‘ಡ್ರಾಪ್’ ಅಂದರೆ ಕಳಿಸಿದವರಿಗೆ ಸುದ್ದಿಯೇ ಇಲ್ಲದೆ ಎಸೆಯುವುದು. ‘ರಿಜೆಕ್ಟ್’ ಅಂದರೆ ‘ಆಗಲ್ಲ’ ಅಂತ ಉತ್ತರ ಕೊಟ್ಟು ಎಸೆಯುವುದು. ‘ಸುಮ್ನೆ ಎಸೆ’, ‘ಹೇಳಿ ಎಸೆ’ ಅಂತ ಬರೆದಿದ್ದೇನೆ. ಮಕ್ಕಳಿಗೆ ಒಂದೇ ಸಲಕ್ಕೆ ತಿಳಿಯಿತು. ಅಚ್ಚಿನಲ್ಲಿ ಹಗುರ ಅನ್ನಿಸುತ್ತದಾ?

ಇನ್ನು ‘ಫಿಲ್ಟರ್’. ಇದರ ಬಗ್ಗೆ ನನಗೆ ತುಂಬಾ ಹೇಳಬೇಕಿದೆ.

‘ಶೋಧಕ’ ಅಂತ ಕೆಲವು ಕಡೆ ಬಳಸುತ್ತಾರೆ. ಆದರೆ ಶೋಧಿಸು ಅಂದರೆ ಇವತ್ತು ಜನಕ್ಕೆ ಹುಡುಕುವುದು, ಪೊಲೀಸರ ಶೋಧ ಕಾರ್ಯ. ಹಾಗಾಗಿ ಅದನ್ನು ಬಿಟ್ಟು ‘ಸೋಸು’ ಹಿಡಿದೆ. ಆಗ ಬೇರೆ ತೊಡಕು ಎದುರಾಯಿತು. ಸೋಸಿದ ಕಾಫಿ ಅಂದರೆ ಕೆಳಗೆ ಇಳಿದದ್ದು, ನಮಗೆ ಬೇಕಾದದ್ದು. ಮೇಲೆ ಉಳಿದದ್ದು ಗಷ್ಟ, ಅದು ಚೆಲ್ಲುವುದಕ್ಕೆ. ಅಂದಮೇಲೆ ‘ಸೋಸಿದ ಪ್ಯಾಕೆಟ್’ ಅಂದರೆ ಕನ್ನಡದ ಕಿವಿಗೆ ಪಾರಾಗಿ ಬಂದ ಪ್ಯಾಕೆಟ್. ಆದರೆ ನೆಟ್‌ವರ್ಕ್ ಪರೀಕ್ಷಿಸುವ ಎನ್‌ಮ್ಯಾಪ್‌ನಂಥ ತಂತ್ರಾಂಶದಲ್ಲಿ ಒಂದು ಪೋರ್ಟ್ ‘ಫಿಲ್ಟರ್ಡ್’ ಅಂತ ತೋರಿಸಿದರೆ, ನಡುವೆ ಯಾವುದೋ ತಡೆ ಇದೆ, ಅಲ್ಲಿಗೆ ಮುಟ್ಟಲು ಆಗುತ್ತಿಲ್ಲ ಅಂತ ಅರ್ಥ. ‘ಸೋಸಿದ ಪೋರ್ಟ್’ ಅಂತ ಬರೆದರೆ ಪೂರ್ತಿ ಉಲ್ಟಾ.

‘ಜರಡಿ’ಯೂ ಹಾಗೆಯೇ. ನಮ್ಮ ಅಜ್ಜಿ ‘ಒಂದರಿ’ ಅನ್ನುತ್ತಿದ್ದರು. ಹಿಟ್ಟು ಕೆಳಗೆ, ತರಿ ಮೇಲೆ. ಅದಕ್ಕೂ ದೊಡ್ಡ ಮಾತು ಅಂದರೆ ಜರಡಿ ನೋಡುವುದು ಗಾತ್ರವನ್ನು ಮಾತ್ರ. ರೂಟರ್ ನೋಡುವುದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಯಾವ ಪೋರ್ಟ್ ಅನ್ನುವುದನ್ನು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹತ್ತಿರದ ಕೆಲಸ ಅಂದರೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಆರಿಸುವುದು. ಕಣ್ಣು ಪ್ರತಿ ಕಾಳಿನ ಮೇಲೂ ಹೋಗುತ್ತದೆ. ಆದರೆ ‘ಆರಿಸು’ ಕೂಡ ಎರಡು ಅಲಗಿನ ಪದವೇ. ‘ಅಕ್ಕಿ ಆರಿಸು’ ಅಂತಲೂ ಅನ್ನುತ್ತೇವೆ, ‘ಕಲ್ಲು ಆರಿಸು’ ಅಂತಲೂ ಅನ್ನುತ್ತೇವೆ. ಒಂದರಲ್ಲಿ ಉಳಿಯುವುದು, ಇನ್ನೊಂದರಲ್ಲಿ ಹೋಗುವುದು. ಕೆಲಸ ಒಂದೇ.

ಹಾಗಾಗಿ ಕೆಲಸದ ಹೆಸರಾಗಿ ಮಾತ್ರ ‘ಸೋಸುವಿಕೆ’ ಇಟ್ಟುಕೊಂಡೆ. ‘ಸೋಸಿದ’ ಅನ್ನುವ ರೂಪವನ್ನು ಪಾಠದಲ್ಲಿ ಎಲ್ಲಿಯೂ ಬಳಸಿಲ್ಲ. ‘ಪಾರಾದ’, ‘ಎಸೆದ’ ಅಂತಲೇ ಬರೆದಿದ್ದೇನೆ. ‘ಟ್ರಾಫಿಕ್’ಗೆ ‘ದಟ್ಟಣೆ’ ಬೇಡ ಅಂತ ನನ್ನ ಅನಿಸಿಕೆ. ದಟ್ಟಣೆ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಹತ್ತಿರ ಇರುವುದು. ರಾತ್ರಿ ಎರಡಕ್ಕೆ ಒಂದೇ ಲಾರಿ ಹೋದರೂ ಅದು ಓಡಾಟವೇ. ‘ಓಡಾಟ’ ಸಾಕು.

ಈಗ ನಿಜವಾಗಿ ಪೇಚಾಡಿಸಿದ ಪದಕ್ಕೆ ಬರುತ್ತೇನೆ.

ಎಸಿಎಲ್ ಪಟ್ಟಿಯ ಕೊನೆಯಲ್ಲಿ ಯಾರೂ ಬರೆಯದ ಒಂದು ಸಾಲು ಇರುತ್ತದೆ: ‘ಮೇಲೆ ಹೇಳದ್ದನ್ನೆಲ್ಲ ಎಸೆ.’ ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಇದೆ. ಹಾಸ್ಟೆಲಿನ ವಾಚ್‌ಮನ್‌ಗೆ ‘ಈ ಪಟ್ಟಿಯಲ್ಲಿ ಇರೋರನ್ನ ಒಳಗೆ ಬಿಡಪ್ಪ’ ಅಂದರೆ ಸಾಕು. ಉಳಿದವರಿಗೆ ಇಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. 2001ರ ತಪ್ಪುಗಳಲ್ಲಿ ಒಂದು ಇಲ್ಲೇ ಇತ್ತು. ರೂಟರ್‌ನಿಂದ ಹೊರಡುವ ಕಡೆಗೆ ಹಾಕಿದ ಪಟ್ಟಿಯಲ್ಲಿ ಸರಿಯಾಗಿ 448 ಸಾಲುಗಳಿದ್ದರೆ, ಆ ಕಾಣದ ಸಾಲನ್ನು ಕಾರ್ಡ್ ಮರೆತುಬಿಡುತ್ತಿತ್ತು. 447 ಇದ್ದರೆ ಈ ತೊಂದರೆ ಇಲ್ಲ. 448 ಆಯಿತೋ, ಯಾವ ಸಾಲಿಗೂ ಹೊಂದದ ಪ್ಯಾಕೆಟ್ ಪಾರಾಗಬಹುದಿತ್ತು. ಪಟ್ಟಿ ಬರೆದವನು ಎಷ್ಟು ಸಲ ತಿರುಗಿಸಿ ಓದಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ಮರೆತದ್ದು ಅವನು ಬರೆಯದ ಸಾಲನ್ನು. ಸಿವಿಇ-2001-0864 ಅನ್ನುವುದು ಸುರಕ್ಷತಾ ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ (ಸಿವಿಇ) ಇದಕ್ಕೆ ಕೊಟ್ಟ ಗುರುತು ಸಂಖ್ಯೆ.

ಆ ಸಾಲನ್ನು ಏನೆಂದು ಕರೆಯುವುದು? ‘ಅವ್ಯಕ್ತ ನಿರಾಕರಣೆ’ ನಾನು ಓದಿದರೂ ಮೈಗೆ ಹತ್ತುವುದಿಲ್ಲ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ತಕ್ಕ ಮಾತು ಇದೆ: ಅಧ್ಯಾಹಾರ. ‘ನಮ್ಮೂರು ಹಾಸನ’, ‘ಇವರು ನಮ್ಮ ಅಕ್ಕ’ ಅನ್ನುವಾಗ ಕ್ರಿಯಾಪದ ಇಲ್ಲ, ಕೇಳುವವರೇ ತುಂಬಿಕೊಳ್ಳುತ್ತಾರೆ. ಹೇಳದೇ ಇದ್ದರೂ ಇದ್ದಂತೆ ನಡೆಯುವುದು ಕನ್ನಡಕ್ಕೆ ದಿನನಿತ್ಯದ ಅಭ್ಯಾಸ. ಆ ಹೋಲಿಕೆಯನ್ನು ಪಾಠದಲ್ಲಿ ಇಟ್ಟಿದ್ದೇನೆ, ನನಗೆ ಅದು ಬಹಳ ಇಷ್ಟ. ಪದವಾಗಿ ಮಾತ್ರ ಅಧ್ಯಾಹಾರ ಹದಿನೇಳು ವರ್ಷದವರಿಗೆ ಭಾರ ಆಗುತ್ತದೆ. ಸದ್ಯಕ್ಕೆ ‘ಬರೆಯದ ಕೊನೆಸಾಲು’ ಅಂತ ಹಾಕಿದ್ದೇನೆ. ಅನೇಕ ಅಡ್ಮಿನ್‌ಗಳು ಆ ಸಾಲನ್ನು ತಾವೇ ಕೊನೆಯಲ್ಲಿ ಬರೆದಿಡುತ್ತಾರೆ. ಎಸೆದದ್ದರ ಲೆಕ್ಕ ಲಾಗ್‌ನಲ್ಲಿ, ಅಂದರೆ ರೂಟರಿನ ದಾಖಲೆಯಲ್ಲಿ, ಸಿಗಲಿ ಅಂತ. ಆಗ ಅದು ‘ಬರೆದ ಕೊನೆಸಾಲು’. ಜೋಡಿ ಸರಿಹೋಗುತ್ತದೆ ಅಲ್ವಾ?

‘ಹೊರಡುವ’ ಅಂದೆ, ‘ಹೊರಹೋಗುವ’ ಅನ್ನಲಿಲ್ಲ. ಹೊರಹೋಗುವ ಅಂದರೆ ನಮ್ಮ ಆಫೀಸಿನಿಂದ ಹೊರಗೆ ಅಂತ ಓದುವವರು ತಿಳಿಯುತ್ತಾರೆ. ಇಲ್ಲಿ ಹೊರಗೆ ಅಂದರೆ ರೂಟರಿನ ಆ ಇಂಟರ್‌ಫೇಸಿನಿಂದ (ತಂತಿ ಸೇರುವ ಬಾಯಿಯಿಂದ) ಆಚೆಗೆ. ಇಂಟರ್ನೆಟ್ಟಿನಿಂದ ನಮ್ಮ ಆಫೀಸಿಗೆ ಬರುವ ಪ್ಯಾಕೆಟ್ ಕೂಡ ರೂಟರಿನಿಂದ ಹೊರಟೇ ಬರಬೇಕು.

ಕೊನೆಯ ತೊಡಕು ತುಂಡುಗಳದ್ದು. 4000 ಬೈಟ್‌ನ ಪ್ಯಾಕೆಟ್ ಒಂದು ಸಲಕ್ಕೆ 1500 ಮಾತ್ರ ಹಿಡಿಸುವ ತಂತಿಯಲ್ಲಿ ಹೋಗಬೇಕಾದರೆ ಮೂರು ತುಂಡಾಗುತ್ತದೆ. ಪೋರ್ಟ್ ಸಂಖ್ಯೆ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಉಳಿದೆರಡರಲ್ಲಿ ರೂಟರ್ ಹುಡುಕಿದರೂ ಸಿಗುವುದಿಲ್ಲ. ಈ ಉಳಿದ ತುಂಡುಗಳನ್ನು ಕಾರ್ಡ್ ತಡೆಯುತ್ತಿರಲಿಲ್ಲ ಅನ್ನುವುದೂ ಅದೇ 2001ರ ತಪ್ಪುಗಳಲ್ಲಿ ಒಂದು. ನಾನು ಮೊದಲು ‘ಮುಂದಿನ ತುಂಡುಗಳು’ ಅಂತ ಬರೆದೆ. ಆದರೆ ಬಸ್ಸಿನ ಮುಂದಿನ ಬಾಗಿಲು ಅಂದರೆ ಮೊದಲನೆಯದು, ಮುಂದಿನ ಬಸ್ಸು ಅಂದರೆ ಆಮೇಲೆ ಬರುವುದು. ‘ಹಿಂದಿನ’ಕ್ಕೂ ಇದೇ ಕಷ್ಟ. ಗೆಳೆಯರೊಬ್ಬರು ‘ತಲೆಯಿಲ್ಲದ ತುಂಡು’ ಅಂತ ಸೂಚಿಸಿದರು. ತಲೆ ಅಂದರೆ ‘ಹೆಡರ್’, ಪ್ಯಾಕೆಟ್ಟಿನ ಮೊದಲಲ್ಲಿರುವ ವಿವರ. ಕೇಳಲು ಚೆನ್ನಾಗಿದೆ, ಆದರೆ ವಿಳಾಸ ಹೊತ್ತ ಐಪಿ ತಲೆ ಪ್ರತಿ ತುಂಡಿಗೂ ಇರುತ್ತದೆ, ಇಲ್ಲದಿರುವುದು ಪೋರ್ಟ್ ಇರುವ ತಲೆ. ತಪ್ಪು ಕಲಿಸಿದ ಹಾಗಾಗುತ್ತದೆ. ‘ಮೊದಲ ತುಂಡು’, ‘ಉಳಿದ ತುಂಡುಗಳು’ ಅಂತ ನಿಲ್ಲಿಸಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

‘ಪ್ಯಾಚ್’ಗೆ ‘ತೇಪೆ’ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತೇಪೆ ಹಚ್ಚಿದರು ಅಂದರೆ ಸರಿಮಾಡಲಿಲ್ಲ ಅಂತಲೇ ಜನ ತಿಳಿಯುವುದು. ‘ಪರಿಹಾರ’ ಅಂದರೆ ಸರ್ಕಾರ ಕೊಡುವ ದುಡ್ಡು ನೆನಪಾಗುತ್ತದೆ. ‘ತಿದ್ದಿಕೆ’ ಹೇಗೆ?

ಹಾಳೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಉಳಿದವು ಹೇಗೋ ನಡೆಯುತ್ತವೆ. ‘ಹೋಗಲು ಬಿಡು’ ಮತ್ತು ‘ಎಸೆ’ ಎರಡನ್ನು ಮಾತ್ರ ದಯವಿಟ್ಟು ಜೋರಾಗಿ ಓದಿ ನೋಡಿ. ಮಂಗಳೂರು, ಕಲಬುರಗಿ, ಧಾರವಾಡದ ಕಡೆಯವರು ಓದಿದರೆ ಇನ್ನೂ ಒಳ್ಳೆಯದು. ನಿಮ್ಮ ಕಡೆಯ ಮಾತಿನಲ್ಲಿ ಇವೆರಡರಲ್ಲಿ ಯಾವುದಕ್ಕಾದರೂ ಉಲ್ಟಾ ಅರ್ಥ ಬರುವುದಿದ್ದರೆ, ಒಂದು ವಾಕ್ಯದ ಉದಾಹರಣೆ ಜೊತೆ ಬರೆದು ಕಳಿಸಿ.