ಪಶ್ಚಿಮದ ಕಿಟಕಿಗೆ ಸೋಲಾರ್ ಗಾಜು: ನಾಲ್ಕು ಗಂಟೆಗೆ 12 ವ್ಯಾಟ್, ಐದೂಕಾಲಿಗೆ 35. ಯಾಕೆ ಹೀಗೆ?

ಪ್ರಶ್ನೆ (ವಿಜಯನಗರ, ಬೆಂಗಳೂರು)
ಪಶ್ಚಿಮಕ್ಕಿರುವ 120 × 120 ಸೆಂ.ಮೀ. ಕಿಟಕಿಗೆ 40% ಬೆಳಕು ಬಿಡುವ ಎರಡು ಕ್ಯಾಡ್ಮಿಯಂ ಟೆಲ್ಯುರೈಡ್ (ಬಿಸಿಲಿನಿಂದ ವಿದ್ಯುತ್ ಕೊಡುವ ತೆಳು ಪದರ) ಗಾಜುಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದೇವೆ. ಒಂದೊಂದೂ 120 × 60 ಸೆಂ.ಮೀ., 50 ವ್ಯಾಟ್, ಓಪನ್ ಸರ್ಕ್ಯೂಟ್ (ಏನೂ ಜೋಡಿಸದಿದ್ದಾಗ) 116 ವೋಲ್ಟ್. ಎರಡೂ ಪ್ಯಾರಲಲ್, 150 ವೋಲ್ಟಿನವರೆಗೆ ತಡೆಯುವ ಎಂಪಿಪಿಟಿ (ಬ್ಯಾಟರಿ ಚಾರ್ಜ್ ಮಾಡುವ ಕಂಟ್ರೋಲರ್), 24 ವೋಲ್ಟಿನ ಬ್ಯಾಟರಿ. ಸಜ್ಜಾ 45 ಸೆಂ.ಮೀ. ಮುಂದಕ್ಕಿದೆ, ಗಾಜಿನ ಮೇಲಂಚಿಗಿಂತ 15 ಸೆಂ.ಮೀ. ಎತ್ತರದಲ್ಲಿದೆ. ಈಗ ಮಾರ್ಚ್ ಕೊನೆ. ನಾಲ್ಕು ಗಂಟೆಗೆ ಗಾಜಿನ ಬಹುಪಾಲು ಬಿಸಿಲಲ್ಲೇ ಇದ್ದರೂ 12 ವ್ಯಾಟ್. ಬಿಸಿಲು ಇಳಿದ ಮೇಲೆ 35! ಮಾರಿದವರು ಗಾಜೇ ಕೆಟ್ಟಿದೆ, ಬದಲಾಯಿಸಿ ಅಂತಾರೆ.

ಉತ್ತರ 1
ಗಾಜು ಕೆಟ್ಟಿಲ್ಲ ಸರ್, ದಯವಿಟ್ಟು ಬದಲಾಯಿಸಬೇಡಿ. ಹತ್ತಿರದಿಂದ ನೋಡಿ: ಸುಮಾರು 9 ಮಿ.ಮೀ. ಅಗಲದ ಪಟ್ಟಿಗಳು ಗಾಜಿನ 60 ಸೆಂ.ಮೀ. ಬದಿಗೆ ಸಮಾನಾಂತರವಾಗಿ ಹೋಗಿರುತ್ತವೆ. ಒಂದೊಂದು ಪಟ್ಟಿಯೂ ಒಂದು ಸೆಲ್, ಎಲ್ಲವೂ ಒಂದರ ಹಿಂದೊಂದು ಸೀರೀಸ್‌ನಲ್ಲಿ. ಗಾಜನ್ನು ನಿಲ್ಲಿಸಿರುವುದರಿಂದ ನಿಮ್ಮಲ್ಲಿ ಪಟ್ಟಿಗಳು ಅಡ್ಡಡ್ಡ ಆಗಿವೆ.

ಮಾರ್ಚ್ ಕೊನೆಯಲ್ಲಿ ನಾಲ್ಕಕ್ಕೆ ಆ ಸಜ್ಜಾದ ನೆರಳು ಸುಮಾರು 33 ಸೆಂ.ಮೀ. ಕೆಳಗಿಳಿಯುತ್ತದೆ. 15 ಕಳೆದರೆ ಗಾಜಿನ ಮೇಲೆ 18 ಸೆಂ.ಮೀ., ಅಂದರೆ ಸುಮಾರು 20 ಸೆಲ್ ಪೂರ್ತಿ ನೆರಳಲ್ಲಿ. ಆ ಇಪ್ಪತ್ತು ಎಷ್ಟು ಕರೆಂಟ್ ಬಿಡುತ್ತವೋ ಉಳಿದವುಗಳಿಂದಲೂ ಅಷ್ಟೇ ಹರಿಯೋದು. ಐದೂಕಾಲಿಗೆ ನೆರಳು ಗಾಜು ಬಿಟ್ಟು ಮೇಲೆ ಹೋಗುತ್ತದೆ, ಅದಕ್ಕೇ ಆ ಜಿಗಿತ.

ಖಾತ್ರಿಗೆ, ಐದೂಕಾಲಾದ ಮೇಲೆ 60 × 10 ಸೆಂ.ಮೀ. ರಟ್ಟನ್ನು ಒಂದು ಗಾಜಿಗೆ ಅಡ್ಡಡ್ಡ ಒತ್ತಿಹಿಡಿಯಿರಿ, ಆಮೇಲೆ ಅದನ್ನೇ ಉದ್ದುದ್ದ. ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಬೇಡಿ. ನೆರಳಾದ ಸೆಲ್ ಮೇಲೆ ರಿವರ್ಸ್ (ಉಲ್ಟಾ) ವೋಲ್ಟೇಜ್ ಬಿದ್ದು ಕಾಯಂ ಹಾನಿ ಆಗಬಹುದು.

ಪ್ರಶ್ನೆ ಕೇಳಿದವರು
ಅಡ್ಡ ಹಿಡಿದಾಗ ಆ ಗಾಜು ಹೆಚ್ಚುಕಡಿಮೆ ಸತ್ತೇ ಹೋಯಿತು. ಉದ್ದ ಹಿಡಿದಾಗ ಎರಡು ಮೂರು ವ್ಯಾಟ್ ಇಳಿಯಿತು ಅಷ್ಟೇ. ಈಗ ಸಜ್ಜಾ ಒಡೆಸಬೇಕಾ?

ಉತ್ತರ 1
ಬೇಡವೇ ಬೇಡ, ಮಳೆಗೆ ಅದು ಬೇಕು. ಕಿಟಕಿ ಚೌಕವಾಗಿರುವುದು ಅನುಕೂಲ: ಗಾಜುಗಳನ್ನು ಮಲಗಿಸಿ ಒಂದರ ಮೇಲೊಂದು ಕೂರಿಸಿ. ಎರಡು ಗಾಜಿನ ನಡುವಿನ ಫ್ರೇಮ್ ಪಟ್ಟಿ ಅಡ್ಡಕ್ಕೆ ಬರುತ್ತದೆ, ಸೆಲ್‌ಗಳು ಲಂಬ ಆಗುತ್ತವೆ. ನೆರಳು ಎಲ್ಲ ಸೆಲ್‌ಗಳ ತಲೆಯನ್ನಷ್ಟೇ ಮುಚ್ಚುತ್ತದೆ. ಮೇಲಿನ ಗಾಜಿನಲ್ಲಿ ಕಾಲು ಭಾಗದಷ್ಟು ಹೋಗಬಹುದು, ಕೆಳಗಿನದು ಪೂರ್ತಿ ಕೊಡುತ್ತದೆ. ಪ್ಯಾರಲಲ್ ಹಾಗೇ ಇರಲಿ. ಸೀರೀಸ್ ಮಾಡಿದರೆ 232 ವೋಲ್ಟ್ ಬಂದು ಕಂಟ್ರೋಲರ್ ಹೋಗುತ್ತದೆ.

ಉತ್ತರ 2
ಕೂರಿಸುವವರಿಗೆ ಒಂದು ಮಾತು ಬಿಗಿಯಾಗಿ ಹೇಳಿ: ಎಡ-ಬಲದ ಬೀಡಿಂಗ್ (ಗಾಜನ್ನು ಫ್ರೇಮಿಗೆ ಹಿಡಿದಿಡುವ ಪಟ್ಟಿ) ಗಾಜಿನ ಅಂಚಿನಲ್ಲಿ ಸೆಲ್ ಇಲ್ಲದ ಜಾಗವನ್ನಷ್ಟೇ ಮುಚ್ಚಬೇಕು. ಅರ್ಧ ಇಂಚು ಒಳಗೆ ಬಂದರೂ ಕೊನೆಯ ಸೆಲ್ ಇಡಿಯಾಗಿ ಮುಚ್ಚಿ, ದಿನವಿಡೀ ರಿವರ್ಸ್‌ನಲ್ಲಿ ನರಳುತ್ತದೆ. ಮೇಲೆ-ಕೆಳಗೆ ತುಸು ಹೆಚ್ಚಾದರೆ ತೊಂದರೆಯಿಲ್ಲ.

3.2 ಮಿ.ಮೀ.ನ ಎರಡು ಪದರ ಇದ್ದರೆ ಒಂದು ಗಾಜು ಸುಮಾರು 12 ಕೆ.ಜಿ. ತೂಗುತ್ತದೆ. ಕೆಳಗೆ ಎರಡು ರಬ್ಬರ್ ಬ್ಲಾಕ್, ಎರಡೂ ತುದಿಯಿಂದ 30 ಸೆಂ.ಮೀ. ಒಳಗೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಪದರಗಳ ನಡುವಿನ ಅಂಟನ್ನು ಅದು ಕೆಡಿಸುತ್ತದೆ; ಆ ವಾಸನೆ ಇಲ್ಲದ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಕೇಳಿ ತಗೊಳ್ಳಿ. ಫ್ರೇಮಿನ ಕೆಳಗೆ ನೀರು ಹೋಗುವ ತೂತು ತೆರೆದೇ ಇರಲಿ.

ಕೆಲಸ ಬೆಳಗ್ಗೆಯೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಈ ತಿಂಗಳು ಸೂರ್ಯ ನೆತ್ತಿಗೆ ಬರೋದು 12:25ರ ಹೊತ್ತಿಗೆ. ಅಲ್ಲಿಯವರೆಗೆ ಆ ಗೋಡೆಗೆ ನೇರ ಬಿಸಿಲಿಲ್ಲ. ಆದರೂ ಗಾಜಿಗೆ ದಪ್ಪ ಬಟ್ಟೆ ಹೊದಿಸಿ, ಕಂಟ್ರೋಲರ್ ಕಡೆಯ ಡಿಸಿ ಸ್ವಿಚ್ ಆಫ್ ಮಾಡಿಯೇ ಕನೆಕ್ಟರ್ ಬಿಚ್ಚಿ. ಮೋಡದ ಬೆಳಕಿಗೂ 100 ವೋಲ್ಟಿನ ಹತ್ತಿರ ಇರುತ್ತದೆ.